ಬೋರ್ಡಿನ ಮೇಲೆ ಕಾಣದ ಬೀದರ

ಬೆಳಗಿನ ಏಳರ ಹೊತ್ತಿಗೆ ಚೌಬಾರದ ನೆತ್ತಿಗೆ ಬಿಸಿಲು ತಾಕಿರುತ್ತದೆ, ಬುಡದಲ್ಲಿ ಇನ್ನೂ ತಂಪು. 71 ಅಡಿ ಎತ್ತರದ ಈ ದುಂಡನೆಯ ಕಾವಲು ಗೋಪುರದ ಸುತ್ತ ಬಟ್ಟೆ ಅಂಗಡಿ, ಪಾತ್ರೆ ಅಂಗಡಿಗಳ ಶಟರುಗಳೆಲ್ಲ ಕೆಳಗಿವೆ. ತೆರೆದಿರುವುದು ನಾಷ್ಟಾದ ಹೋಟೆಲುಗಳು ಮಾತ್ರ. ಬಾಗಿಲಲ್ಲೇ ಇಟ್ಟ ದೇಗಿನ ಮುಚ್ಚಳ ಸರಿಸಿದರೆ ಅರಿಸಿನ ಬಣ್ಣದ ಖಿಚಡಿ. ಅಕ್ಕಿ, ಮಸೂರಿ ಬೇಳೆ ಒಂದರ ಮೈಗೊಂದು ಒರಗಿ ಬೆಂದಿವೆ, ಆದರೂ ಅಗುಳು ಅಗುಳೇ ಆಗಿ ಉಳಿದಿದೆ. ಅದರ ಜೊತೆಗೆ ಎಳ್ಳು, ಹುಣಸೆಹುಳಿ, ಹಸಿ ಉಳ್ಳಾಗಡ್ಡಿಯ ಖಟ್ಟಾ. ಮಾಂಸ ತಿನ್ನುವವರಿಗೆ ಪಕ್ಕದ ತಪೇಲಿಯಲ್ಲಿ ಖೀಮಾ. ಉದ್ದನೆಯ ಬೆಂಚಿನ ಮೇಲೆ ಹಮಾಲ, ಮಾಸ್ತರು, ರಾತ್ರಿ ಬಸ್ಸಿನಿಂದ ಈಗಷ್ಟೇ ಇಳಿದವನು ಎಲ್ಲರೂ ಭುಜಕ್ಕೆ ಭುಜ ತಾಗಿಸಿ ಕುಳಿತು ತಿನ್ನುತ್ತಾರೆ. ಖಟ್ಟಾ ಮುಗಿದರೆ ಕೇಳದೆಯೇ ಇನ್ನೊಂದು ಸೌಟು ಬೀಳುತ್ತದೆ.

1470ರ ಆಸುಪಾಸಿನಲ್ಲಿ ಬಹಮನಿಗಳ ಈ ರಾಜಧಾನಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್, ಇಲ್ಲಿನ ಹಿಂದೂಗಳ ಪರಿಚಯ ಮಾಡಿಕೊಂಡು ಅವರ ಊಟದ ಬಗ್ಗೆಯೂ ಬರೆದಿಟ್ಟ. ಅವರ ಊಟ ಬಡವಾದದ್ದು ಎಂಬುದು ಅವನ ತೀರ್ಮಾನ. ಆ ಬಡ ಊಟದ ಪಟ್ಟಿಯಲ್ಲಿ ಬೆಣ್ಣೆ ಹಾಕಿದ ಖಿಚಡಿಯೂ ಇದೆ. ಬಹಮನಿಗಳ ವಜೀರ ಮಹಮೂದ್ ಗಾವಾನನ ಮದರಸಾ ಮುಗಿದದ್ದು 1472ರಲ್ಲಿ. ಅದರ ಗೋಡೆಗೆ ನೀಲಿ ಹೆಂಚು ಕೂರಿಸುತ್ತಿದ್ದ ಕಾಲಕ್ಕೂ ಈ ಊರಿನಲ್ಲಿ ಖಿಚಡಿ ಬೇಯುತ್ತಿತ್ತು ಎಂಬುದು ನನಗೆ ಬಹಳ ದೊಡ್ಡ ಸಂಗತಿ. ಮದರಸಾದ ಒಂದು ಮೂಲೆ 1696ರಲ್ಲಿ ನಡೆದ ಒಂದು ಸಿಡಿತದಲ್ಲಿ ಉರುಳಿತು. ಖಿಚಡಿ ಮಾತ್ರ ದಿನ ಬೆಳಗಾದರೆ ಮತ್ತೆ ಒಲೆ ಏರುತ್ತದೆ. ನಿಕಿತಿನ್‌ನ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ಖಟ್ಟಾದ ಜೊತೆ ಬಂದ ಬಿಸಿ ಖಿಚಡಿ ಈ ಊರಿನ ಅತ್ಯುತ್ತಮ ನಾಷ್ಟಾ. ಎಂಟೂವರೆ ದಾಟಿದರೆ ದೇಗಿನ ತಳದಲ್ಲಿ ಒಣಗಿದ್ದಷ್ಟೇ ಸಿಗುತ್ತದೆ, ಬೇಗ ಹೋಗಬೇಕು.

ತಿಂದು ಹೊರಬಂದು ತಲೆಯೆತ್ತಿದರೆ ಕಾಣುವುದು ಬೋರ್ಡುಗಳು. ಇಲ್ಲಿಂದ ಅಂಬೇಡ್ಕರ್ ವೃತ್ತದವರೆಗೆ, ಅಲ್ಲಿಂದ ಉದಗೀರ ರಸ್ತೆಯ ತನಕ ಓದುತ್ತ ಹೋಗಬಹುದು: ಹೈದರಾಬಾದಿ ಬಿರಿಯಾನಿ, ಉಡುಪಿ ಶುದ್ಧ ಸಸ್ಯಾಹಾರಿ, ರಾಜಸ್ಥಾನಿ ಮಿಠಾಯಿ, ಧಾರವಾಡ ಪೇಡೆ, ಮುಂಬಯಿ ಪಾವ್ ಭಾಜಿ, ಇರಾನಿ ಚಾ. ದೇಶದ ಅರ್ಧ ಊರುಗಳು ಬೀದರದ ಗೋಡೆಗಳ ಮೇಲಿವೆ, ಬೀದರ ಮಾತ್ರ ಇಲ್ಲ. ಚೌಬಾರದ ಸುತ್ತಲಿನ ಇದೇ ಬೀದಿಗಳಲ್ಲಿ ಕುಳಿತು ಸತುವಿನ ಕಪ್ಪು ಪಾತ್ರೆಗೆ ಬೆಳ್ಳಿ ಎಳೆ ಕೂರಿಸುವವರ ಕಸುಬು ಊರಿನ ಹೆಸರನ್ನು ಲೋಕಕ್ಕೆಲ್ಲ ಒಯ್ದಿದೆ. 2006ರಲ್ಲಿ ಬಿದರಿ ಎಂಬ ಈ ಕಸುಬಿಗೆ ಭೌಗೋಳಿಕ ಗುರುತೂ ಸಿಕ್ಕಿತು. ಒಲೆಯ ಮುಂದೆ ಕುಳಿತವನ ಕಸುಬು ಅದಕ್ಕಿಂತ ಕಡಿಮೆಯದಲ್ಲ. ಅವನೇಕೆ ಬೇರೆ ಊರಿನ ಹೆಸರಿನ ಹಿಂದೆ ನಿಲ್ಲಬೇಕು?

ಚಹಾದಿಂದಲೇ ಶುರು ಮಾಡೋಣ. ಇರಾನಿ ಚಹಾ ಹೈದರಾಬಾದಿನ ದಾರಿಯಲ್ಲಿ ಬಂದದ್ದು ನಿಜ. 1948ರ ಸೆಪ್ಟೆಂಬರಿನವರೆಗೆ ಬೀದರ ನಿಜಾಮನ ಸಂಸ್ಥಾನದಲ್ಲಿತ್ತು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಹೆಸರು ಹೊತ್ತ ಉಸ್ಮಾನಿಯಾ ಬಿಸ್ಕತ್ತು ಇಲ್ಲಿನ ಬೇಕರಿಗಳಲ್ಲಿ ಇಂದಿಗೂ ಸಂಜೆಯೊಳಗೆ ಖಾಲಿಯಾಗುತ್ತದೆ. ಒಂದು ಪಾತ್ರೆಯಲ್ಲಿ ಮುಚ್ಚಿಟ್ಟು ಕುದಿಸಿದ ಡಿಕಾಕ್ಷನ್, ಇನ್ನೊಂದರಲ್ಲಿ ಕಾದು ಕಾದು ಗಟ್ಟಿಯಾದ ಹಾಲು, ಎರಡೂ ಕಪ್ಪಿನಲ್ಲಿ ಕೂಡಿದಾಗ ಬರುವ ಇಟ್ಟಿಗೆ ಬಣ್ಣ. ಬಿಸ್ಕತ್ತನ್ನು ಅದರಲ್ಲಿ ಅದ್ದಿ ತಡಮಾಡದೆ ಬಾಯಿಗಿಡಬೇಕು. ಇಷ್ಟಾದರೂ ನಾನು ಓಟು ಹಾಕುವುದು ಬಸ್ ನಿಲ್ದಾಣದ ಎದುರಿನ ಗಾಡಿಗಳ ಅಲ್ಲದ ಚಹಾಕ್ಕೆ. ಅಲ್ಲ ಎಂದರೆ ಹಸಿ ಶುಂಠಿ. ಈ ಜಿಲ್ಲೆ ಶುಂಠಿಯ ಸೀಮೆ, 'ಬೀದರ ಲೋಕಲ್' ಎಂದರೆ ದೂರದ ಬೆಳೆಗಾರರಿಗೂ ಗೊತ್ತಿರುವ ತಳಿ. ಗಾಡಿಯವನು ಅದನ್ನು ಕಲ್ಲಿನ ಮೇಲೆ ಜಜ್ಜಿ, ಸಿಪ್ಪೆ ನಾರು ಸಮೇತ ಕುದಿವ ಹಾಲಿಗೆ ಹಾಕುತ್ತಾನೆ. ಮೊದಲ ಗುಟುಕಿಗೇ ಗಂಟಲು ಬಿಚ್ಚಿಕೊಳ್ಳುತ್ತದೆ. ಬೀದರದ ಮಣ್ಣಿನಲ್ಲೇ ಬೆಳೆದದ್ದು ಅದು, ಯಾವ ಬೋರ್ಡೂ ಹಾಗೆಂದು ಹೇಳುವುದಿಲ್ಲ.

ಮಿಠಾಯಿ ಅಂಗಡಿಗೆ ಹೋಗುವುದಾದರೆ ಗಾಜಿನ ಕಪಾಟು ನೋಡಬೇಡಿ, ಕಡಾಯಿ ಎಲ್ಲಿದೆ ನೋಡಿ. ಹಳೆಯ ಊರಿನ ಅಂಗಡಿಗಳಲ್ಲಿ ಕಡಾಯಿ ರಸ್ತೆಯ ಕಡೆಗೇ ಇರುತ್ತದೆ. ಮಾಡುವವನ ಕೈ, ಎಣ್ಣೆಯ ಬಣ್ಣ, ಪಾಕದ ಪಾತ್ರೆ ಎಲ್ಲವೂ ಗಿರಾಕಿಯ ಕಣ್ಣೆದುರು. ಕಪಾಟಿನಲ್ಲಿ ಬೆಳ್ಳಿ ರೇಕು ಹೊತ್ತ ಹತ್ತಾರು ಬಗೆಯ ಕಾಜು ಬರ್ಫಿ ಇರಬಹುದು, ಅವು ಯಾವ ಊರಿನಲ್ಲಾದರೂ ಒಂದೇ ರುಚಿ. ಇಲ್ಲಿ ಕೇಳಬೇಕಾದದ್ದು ಇಮರತಿ.

ಇಮರತಿಯನ್ನು ಜಿಲೇಬಿಯ ತಂಗಿ ಎಂದು ಸುಮ್ಮನೆ ದಾಟಿಬಿಡುತ್ತಾರೆ. ಜಿಲೇಬಿಯದು ಹುಳಿ ಬಂದ ಮೈದಾ, ಇಮರತಿಯದು ಉದ್ದು. ಆಗಸ್ಟ್ ಕೊನೆಯಿಂದ ಗಾಂಧಿ ಗಂಜ್ ಮಾರುಕಟ್ಟೆಗೆ ಉದ್ದು, ಹೆಸರಿನ ಚೀಲಗಳು ಬರತೊಡಗುತ್ತವೆ. ಹೊಸ ಉದ್ದಿನ ಬೇಳೆ ನೆನೆಸಿ ರುಬ್ಬಿದ ಹಿಟ್ಟಿಗೆ ಬರುವ ಜಿಗಿ ಹಳೆಯದಕ್ಕೆ ಬರುವುದಿಲ್ಲ. ರುಬ್ಬಿದ ಮೇಲೆ ಕೈಯಿಂದ ಬಡಿಯುವ ಕೆಲಸ. ಒಂದು ಚಿಟಿಕೆ ಹಿಟ್ಟನ್ನು ನೀರಿಗೆ ಹಾಕಿದರೆ ತೇಲಬೇಕು. ತೇಲದಿದ್ದರೆ ಮತ್ತೆ ಬಡಿ. ತೂತಿರುವ ದಪ್ಪ ಬಟ್ಟೆಯಲ್ಲಿ ಹಿಟ್ಟು ತುಂಬಿ, ಹಿಂಡುತ್ತ, ಅಗಲವಾದ ಚಪ್ಪಟೆ ಕಡಾಯಿಯಲ್ಲಿ ಮೊದಲೊಂದು ಬಳೆ ಬರೆಯುತ್ತಾನೆ. ಅದರ ಮೇಲೆ ಸುತ್ತಲೂ ಸಣ್ಣ ಸಣ್ಣ ಸುರುಳಿಯ ಎಸಳು. ಉರಿ ಜೋರಾದರೆ ಹೊರಗೆ ಕೆಂಪಗಾಗಿ ಒಳಗೆ ಹಸಿ ಉಳಿಯುತ್ತದೆ, ಕಡಿಮೆಯಾದರೆ ತುಪ್ಪ ಕುಡಿಯುತ್ತದೆ. ಬೆಂದದ್ದನ್ನು ಕಡ್ಡಿಯಿಂದೆತ್ತಿ ಬೆಚ್ಚಗಿನ ಪಾಕಕ್ಕೆ ಇಳಿಬಿಟ್ಟಾಗ ಸುಯ್ಯೆಂಬ ಸದ್ದು. ಆ ಸದ್ದು ಕೇಳಿಸಿದ ಅಂಗಡಿಯಲ್ಲೇ ಕೊಳ್ಳಿರಿ. ಕಚ್ಚಿದರೆ ಎಸಳು ಮುರಿಯಬೇಕು, ರಸ ಮಾತ್ರ ಒಳಗಿನಿಂದ ಬರಬೇಕು, ಸಿಹಿಯ ಹಿಂದೆ ಉದ್ದಿನ ಘಮ ನಿಲ್ಲಬೇಕು. ಆ ಘಮ ಇಲ್ಲದಿದ್ದರೆ ಹಿಟ್ಟಿಗೆ ಮೈದಾ ಬೆರೆತಿದೆ ಎಂದೇ ಅರ್ಥ.

ಅದೇ ಅಂಗಡಿಗಳ ಬಾಲೂಶಾಹಿಯೂ ಚೆನ್ನ. ಗುಲಾಬ್ ಜಾಮೂನು ನನಗೆ ಅಷ್ಟೇನೂ ಹಿಡಿಸಿಲ್ಲ, ಏಲಕ್ಕಿ ಅತಿಯಾಗಿರುತ್ತದೆ.

ದುಡ್ಡು ಕೊಟ್ಟು ಕೊಳ್ಳಲಾಗದ ಒಂದು ಸಿಹಿಯೂ ಈ ಊರಿನಲ್ಲಿದೆ. ಗುರುದ್ವಾರ ನಾನಕ ಝೀರಾ ಸಾಹೇಬದಲ್ಲಿ, ಗುರು ನಾನಕರು ಬಂದಾಗ ಬಂಡೆಯಿಂದ ಸಿಹಿನೀರು ಚಿಮ್ಮಿತೆಂದು ನಂಬುವ ಝರಿಯ ಪಕ್ಕ, ಬೊಗಸೆಗೆ ಬೀಳುವ ಕಡಾ ಪ್ರಸಾದ. ಗೋಧಿ ಹಿಟ್ಟು, ತುಪ್ಪ, ಸಕ್ಕರೆ ಮೂರೂ ಸಮ ಸಮ. ಹಿಟ್ಟನ್ನು ತುಪ್ಪದಲ್ಲಿ ಕಂದು ಬಣ್ಣಕ್ಕೆ ಬರುವ ತನಕ ಬಿಡದೆ ಕೈಯಾಡಿಸಿ ಹುರಿದಿರುತ್ತಾರೆ. ಅಂಗೈಯಲ್ಲಿ ತುಪ್ಪದ ಬಿಸಿ ಆರುವ ಮೊದಲೇ ತಿನ್ನಬೇಕು. ಲಂಗರಿನ, ಅಂದರೆ ಸಾಮೂಹಿಕ ಊಟದ, ಸಾಲಿನಲ್ಲಿ ಪಂಜಾಬಿನಿಂದ ಬಂದ ಯಾತ್ರಿಕನ ಪಕ್ಕ ಚಿಟಗುಪ್ಪದ ರೈತ, ಅವನ ಪಕ್ಕ ಕಾಲೇಜು ಹುಡುಗಿಯರು ನೆಲದ ಮೇಲೆ ಕೂತಿರುತ್ತಾರೆ. ರೊಟ್ಟಿಗೆ ಎರಡೂ ಕೈ ಚಾಚಬೇಕು, ಅದು ಅಲ್ಲಿನ ಕ್ರಮ. ಬೀದರದ ಊಟದ ಕಥೆಯಿಂದ ಇದನ್ನು ಬಿಟ್ಟರೆ ಕಥೆ ಅರ್ಧವೇ ಆಗುತ್ತದೆ.

ಭಾಲ್ಕಿಯ ರಸ್ತೆ ಹಿಡಿದರೆ ಎರಡೂ ಕಡೆ ಕಬ್ಬು. ಬೀದರದಿಂದ ಹೊರಟ ಬಸ್ಸು ಭಾಲ್ಕಿಯಲ್ಲಿ ನಿಂತಾಗ ಕಿಟಕಿಗೆ ಬರುವುದು ಮಿರ್ಚಿ ಭಜಿ, ಸುಸಲಾ. ಚುರಮುರಿಯನ್ನು ನೀರಿನಲ್ಲಿ ಮುಳುಗಿಸಿ, ಹಿಂಡಿ, ಉಳ್ಳಾಗಡ್ಡಿ ಹಸಿಮೆಣಸಿನಕಾಯಿಯ ಒಗ್ಗರಣೆಯಲ್ಲಿ ಹೊರಳಾಡಿಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿದ ಈ ತಿಂಡಿಯಷ್ಟು ಹಗುರಾದದ್ದು, ಅಗ್ಗದ್ದು ಮತ್ತೊಂದಿಲ್ಲ. ಮಾಡಿದ ಹತ್ತು ನಿಮಿಷದಲ್ಲಿ ತಿಂದರೆ ಮೃದು, ಆಮೇಲೆ ಮುದ್ದೆಯಾಗುತ್ತದೆ. ಇಲ್ಲಿನ ಗಾಡಿಗಳಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಒಂದೇ ವಾಕ್ಯದಲ್ಲಿ ಬರುತ್ತವೆ. "ಅಣ್ಣಾ, ಏಕ್ ಪ್ಲೇಟ್ ಭಜಿ ಕೊಡ್ರಿ, ಗರಂ ಅದಾವಲ್ಲ?" ಎಂದು ಕೇಳಿದವನ ಮನೆಮಾತು ಯಾವುದೆಂದು ಯಾರೂ ಕೇಳುವುದಿಲ್ಲ.

ಭಾಲ್ಕಿ ಎಂದೊಡನೆ ಹಿರೇಮಠದ ಚನ್ನಬಸವ ಪಟ್ಟದ್ದೇವರು ನೆನಪಾಗುತ್ತಾರೆ. ನಿಜಾಮನ ಕಾಲದಲ್ಲಿ ಅವರು ಹೊರಗೆ ಉರ್ದು ಬೋರ್ಡು ಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ್ದು ಈ ಸೀಮೆಯ ಮನೆಮನೆಯವರೂ ಹೇಳುವ ಮಾತು. ಆಗ ಬೋರ್ಡು ಒಳಗಿನದನ್ನು ಕಾಪಾಡುವ ಉಪಾಯವಾಗಿತ್ತು. ಈಗ ಯಾರ ಭಯವೂ ಇಲ್ಲ. 1956ರ ನವೆಂಬರ್ 1ರಂದೇ ಬೀದರ ಕನ್ನಡದ ರಾಜ್ಯ ಸೇರಿತು. ಆದರೂ ಹೋಟೆಲುಗಳು ಒಳಗೆ ತಮ್ಮದನ್ನೇ ಬೇಯಿಸುತ್ತ ಹೊರಗೆ ಪರವೂರಿನ ಹೆಸರು ಬರೆದುಕೊಂಡಿವೆ. ಹೈದರಾಬಾದಿ ಎಂದು ಬರೆದ ಹೋಟೆಲಿನಲ್ಲಿ ನಾನು ತಿಂದ ಬಿರಿಯಾನಿಯಲ್ಲಿ ಖಾರ ಹೆಚ್ಚು, ಕೇಸರಿ ಇಲ್ಲವೇ ಇಲ್ಲ, ಜೊತೆಗೆ ಕೊಟ್ಟದ್ದು ಶೇಂಗಾದ ಗಟ್ಟಿ ಸಾರು. ನಮ್ಮ ಕಡೆಯ ರುಚಿ ಅದು, ಹಾಗೆಂದೇ ತಿಂದೆ, ಹಾಗೆಂದೇ ಮೆಚ್ಚಿದೆ.

ಔರಾದ ಇನ್ನೊಂದು ಥರ. ಮಳೆ ಕೈಕೊಡುವ ತಾಲ್ಲೂಕು, ಮಹಾರಾಷ್ಟ್ರದ ಗಡಿ, ಕಪ್ಪು ಬಿಳಿ ಮಚ್ಚೆಯ ದೇವಣಿ ದನಗಳ ಸೀಮೆ. ಎತ್ತಿನ ದುಡಿಮೆಗೂ ಹಾಲಿಗೂ ಎರಡಕ್ಕೂ ಬರುವ ತಳಿ ಇದು. ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಇದಕ್ಕಾಗಿಯೇ ಒಂದು ಕೇಂದ್ರ ನಡೆಸುತ್ತಾರೆ. ಶಿವರಾತ್ರಿಯ ಸುಮಾರಿಗೆ ಔರಾದದ ಅಮರೇಶ್ವರ ಜಾತ್ರೆಯಲ್ಲಿ ಈ ದನಗಳನ್ನು ಸಾಲಾಗಿ ಕಟ್ಟಿರುತ್ತಾರೆ. ಒಡೆಯ ಕೋಡಿಗೆ ಬಣ್ಣ ಬಳಿದು, ಹಣೆಗೆ ಗೊಂಡೆ ಕಟ್ಟಿ, ಪಕ್ಕದಲ್ಲೇ ಕಂಬಳಿ ಹಾಸಿಕೊಂಡಿರುತ್ತಾನೆ. ಆಚೆ ಬದಿಗೆ ಬೆಂಡು ಬತ್ತಾಸಿನ ರಾಶಿ, ಶೇವು, ಜಿಲೇಬಿ, ಖವಾದ ಪೇಡೆ. ಪೇಡೆಯವನು ಕಡಾಯಿಯನ್ನು ಅಲ್ಲೇ ಹೂಡಿ ಹಾಲು ಕಾಯಿಸುತ್ತಾನೆ. ತಳ ಹತ್ತದಂತೆ ಉದ್ದನೆಯ ಸೌಟಿನಿಂದ ಉಜ್ಜುತ್ತ, ಹಾಲು ಮೊದಲು ರಬಡಿಯಾಗಿ, ಆಮೇಲೆ ಕೆನೆಬಣ್ಣದ ಮುದ್ದೆಯಾಗುವ ತನಕ ಅವನು ತಲೆಯೆತ್ತುವುದಿಲ್ಲ. ಸಕ್ಕರೆ ಅರೆಬರೆ ಕರಗಿ ಹಲ್ಲಿಗೆ ಸಿಗುವ ಆ ಪೇಡೆಗೆ ಆಕಾರ ನೆಟ್ಟಗಿಲ್ಲ, ಡಬ್ಬಿ ಇಲ್ಲ, ಹೆಸರಿಲ್ಲ. ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಈ ಜಿಲ್ಲೆಯಲ್ಲಿ ನಾನು ತಿಂದ ಹಾಲಿನ ಸಿಹಿಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಧಾರವಾಡದ ಹೆಸರು ಅದಕ್ಕೆ ಬೇಕಿಲ್ಲ, ಔರಾದ ಪೇಡೆ ಎಂದು ಐದು ಅಕ್ಷರ ಬರೆಸಿದರೆ ಸಾಕು.

ಮರಳಿ ಬೀದರಕ್ಕೆ. ರಂಜಾನ್ ತಿಂಗಳ ಸಂಜೆ ಹಳೆಯ ಊರಿನ ರಸ್ತೆಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಲೀಮಿನ ದೇಗು, ದಹಿ ವಡೆ, ಹಣ್ಣಿನ ತಟ್ಟೆಗಳ ನಡುವೆ ಎರಡು ಸಿಹಿಗಳನ್ನು ಹುಡುಕಿ ತಿನ್ನಬೇಕು. ಒಂದು ಡಬಲ್ ಕಾ ಮೀಠಾ: ಬ್ರೆಡ್ಡಿನ ತುಂಡನ್ನು ತುಪ್ಪದಲ್ಲಿ ಗರಿಗರಿ ಹುರಿದು ಹಾಲು ಸಕ್ಕರೆಯಲ್ಲಿ ನೆನೆಸಿದ್ದು. ಹೆಚ್ಚಿನ ಕಡೆ ಇದು ಪಾಕದಲ್ಲಿ ಮುಳುಗಿ ಸೋತುಹೋಗಿರುತ್ತದೆ, ಅಂಚು ಇನ್ನೂ ಗಟ್ಟಿ ಇರುವ ತಟ್ಟೆ ಸಿಕ್ಕರೆ ಬಿಡಬೇಡಿ. ಇನ್ನೊಂದು ಖುಬಾನಿ ಕಾ ಮೀಠಾ. ಖುಬಾನಿ ಎಂದರೆ ಒಣ ಜರ್ದಾಳು, ಇಲ್ಲಿ ಬೆಳೆಯುವುದಲ್ಲ. ರಾತ್ರಿಯಿಡೀ ನೆನೆಸಿ, ಬೇಯಿಸಿ, ಬೀಜ ಒಡೆದು ಒಳಗಿನ ತಿರುಳನ್ನು ಮೇಲೆ ಹರಡಿ, ಕೆನೆ ಹಾಕಿ ಕೊಡುತ್ತಾರೆ. ಹುಳಿ ಸಿಹಿ ಎರಡೂ ಒಂದೇ ಚಮಚೆಯಲ್ಲಿ. ಇರಾನಿನ ಗಿಲಾನಿನಿಂದ ಬಂದ ಗಾವಾನನೂ ಕಿರ್ಮಾನಿನ ಸೂಫಿ ಮನೆತನದವರೂ ನೆಲೆಸಿದ ಊರಿನಲ್ಲಿ ಇದನ್ನು ಹೊರಗಿನದೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಮಧ್ಯಾಹ್ನದ ಊಟಕ್ಕೆ ಖಾನಾವಳಿ. ಬಿಸಿ ಜೋಳದ ರೊಟ್ಟಿ ಬಡಿಯುವ ಸದ್ದು ಒಳಗಿನಿಂದ, ತಟ್ಟೆಯಲ್ಲಿ ಎಣ್ಣೆಗಾಯಿ, ಮೊಳಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಇಷ್ಟೆಲ್ಲ ಇರುವಲ್ಲಿ ಒಂದು ಮಾತ್ರ ಇಲ್ಲ: ಭಜ್ಜಿ. ಕರಿದ ಭಜಿ ಬೇರೆ, ಇದು ಎಳ್ಳ ಅಮಾವಾಸ್ಯೆಯ ಭಜ್ಜಿ. ಹಸಿ ತೊಗರಿ, ಕಡಲೆ, ಅವರೆ, ಬಟಾಣಿ, ಮೆಂತ್ಯೆ, ಪಾಲಕ, ಗಜ್ಜರಿ, ಹೊಲ ಆ ಹೊತ್ತಿಗೆ ಏನೇನು ಕೊಡುತ್ತದೋ ಅದೆಲ್ಲವನ್ನೂ ಹುಣಸೆಹುಳಿ, ಕಡಲೆ ಹಿಟ್ಟಿನಲ್ಲಿ ಕೂಡಿಸಿ ಕುದಿಸಿದ್ದು. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹುಳಿ ಬಂದ ಜೋಳದ ಅಂಬಲಿ, ಹೋಳಿಗೆ. ಆ ದಿನ ಇಡೀ ಜಿಲ್ಲೆ ಹೊಲಕ್ಕೆ ಹೋಗುತ್ತದೆ. ಬಂಧುಗಳಷ್ಟೇ ಅಲ್ಲ, ದಾರಿಹೋಕರನ್ನೂ ಕರೆದು ಉಣಿಸುತ್ತಾರೆ. ಮಾರನೆಯ ದಿನದಿಂದ ಹೊರಗಿನವನಿಗೆ ಆ ಊಟ ಎಲ್ಲಿಯೂ ಸಿಗುವುದಿಲ್ಲ.

ಖಾನಾವಳಿಯ ಒಡತಿಯನ್ನು ಕೇಳಿದೆ, "ಅಕ್ಕಾ, ಭಜ್ಜಿ ಯಾಕ ಮಾಡಲ್ರಿ?"

"ಅದು ಹೊಲದಾಗ ಕುಂತು ಉಣ್ಣೋದು ಅದರಿ. ಹೋಟೆಲದಾಗ ಯಾರು ಕೇಳ್ತಾರ?"

"ನಾ ಕೇಳ್ಲಿಕತ್ತೀನಲ್ರಿ."

ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹಸಿ ಕಾಳು ಬರೋ ಮುಂದ ಬರ್ರಿ, ಮಾಡಿಕೊಡ್ತೀನಿ" ಅಂದರು.

ಡಿಸೆಂಬರಿನಲ್ಲಿ ಹಸಿ ತೊಗರಿ ಬಂದಾಗ ನಾನು ಹೋಗುತ್ತೇನೆ. ನನಗೊಬ್ಬನಿಗೆ ಮಾಡಿಕೊಟ್ಟರೆ ಸಾಲದು, ಬಾಗಿಲ ಪಕ್ಕದ ಕರಿಹಲಗೆಯಲ್ಲಿ ರೊಟ್ಟಿ ಊಟದ ಕೆಳಗೆ 'ಬೀದರ ಭಜ್ಜಿ, ಅಂಬಲಿ' ಎಂದು ದರದ ಸಮೇತ ಬರೆಸಬೇಕೆಂದೂ ಕೇಳುತ್ತೇನೆ. ಸೀಮೆಸುಣ್ಣ ನಾನೇ ತಂದುಕೊಡಲು ಸಿದ್ಧ.