ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟಾಗ

ಗ್ರಾಫಿಕ್ಸ್ ಕಾರ್ಡಿನ ದೂರು ಎರಡು ಬಗೆಯದು. ಒಂದು, ‘ಡಿಸ್‌ಪ್ಲೇನೇ ಬರ್ತಿಲ್ಲ’. ಇನ್ನೊಂದು, ‘ಚೆನ್ನಾಗೇ ಓಡ್ತಿರುತ್ತೆ, ಗೇಮ್ ಶುರು ಮಾಡಿದ್ರೆ ಆಫ್ ಆಗುತ್ತೆ’. ಎರಡಕ್ಕೂ ಕಾರ್ಡನ್ನೇ ಬೈದು ಹೊಸದು ಕೊಳ್ಳಲು ಹೊರಡುವವರು ಬಹಳ. ಎಷ್ಟೋ ಕಂಪ್ಯೂಟರುಗಳಲ್ಲಿ ಎಲ್ಲಕ್ಕಿಂತ ದುಬಾರಿ ಭಾಗ ಅದೇ. ಹಾಗಾಗಿ ಅದು ಯಾವ ಗಳಿಗೆಯಲ್ಲಿ ಕೈಕೊಡುತ್ತದೆ ಎಂದು ಮೊದಲು ಗಮನಿಸಿ. ಸ್ವಿಚ್ ಒತ್ತಿದ ಕೂಡಲೇ? ವಿಂಡೋಸ್ ತೆರೆದ ಮೇಲೆ? ಆಟದಲ್ಲಿ ಭಾರ ಬಿದ್ದ ಕ್ಷಣಕ್ಕೆ? ಅರ್ಧ ಗಂಟೆ ಆಡಿದ ನಂತರ? ದೋಷ ಎಲ್ಲಿದೆ ಎಂಬುದರ ಸುಳಿವು ಹೆಚ್ಚಾಗಿ ಇಲ್ಲೇ ಸಿಗುತ್ತದೆ.

ಡಿಸ್‌ಪ್ಲೇ ಬಾರದಿದ್ದರೆ ಮಾನಿಟರಿನ ಕೇಬಲ್ ಎಲ್ಲಿಗೆ ಸಿಕ್ಕಿಸಿದೆ ನೋಡಿ. ಮದರ್‌ಬೋರ್ಡಿನಲ್ಲೂ ಎಚ್‌ಡಿಎಂಐ ಪೋರ್ಟ್ ಇರುತ್ತದೆ. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗ್ರಾಫಿಕ್ಸ್ ಇರುವುದಿಲ್ಲ. ಅಂಥ ಕಂಪ್ಯೂಟರಿನಲ್ಲಿ ಕೇಬಲ್ ಮದರ್‌ಬೋರ್ಡಿಗೆ ಹೋಗಿದ್ದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಕೇಬಲ್ ಸರಿಯಿದ್ದರೆ ಕಾರ್ಡನ್ನು ತೆಗೆದು ಮತ್ತೆ ಕೂರಿಸಬೇಕು. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿಹಿಡಿಯಿರಿ. ಒಳಗೆ ಉಳಿದ ಕರೆಂಟು ಹರಿದುಹೋಗಲಿ. ಕ್ಯಾಬಿನೆಟ್ಟಿನ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಳ್ಳಿ. ಸ್ಲಾಟಿನ ತುದಿಯ ಲಾಕ್ ಬಿಡಿಸದೆ ಎಳೆದರೆ ಸ್ಲಾಟೇ ಮುರಿಯಬಹುದು, ಜೋಪಾನ. ಹೊರಬಂದ ಕಾರ್ಡಿನ ಬುಡದಲ್ಲಿ ಚಿನ್ನದ ಲೇಪದ ಸಣ್ಣ ಪಟ್ಟಿಗಳ ಸಾಲಿದೆ, ಬದಿಗೆ 82ರಂತೆ. ಬೆಳಕಿಗೆ ಹಿಡಿದು ನೋಡಿದರೆ ಒಂದೆರಡು ಪಟ್ಟಿ ಉಳಿದವಕ್ಕಿಂತ ಗಿಡ್ಡವಾಗಿ ಕಾಣುತ್ತವೆ. ‘ಕಾರ್ಡ್ ಬಂದಿದೆ’ ಎಂದು ಮದರ್‌ಬೋರ್ಡಿಗೆ ತಿಳಿಸಲು ಇಟ್ಟವು ಅವು. ಕಾರ್ಡ್ ಪೂರ್ತಿ ಕೂತ ಮೇಲೆ, ಎಲ್ಲಕ್ಕಿಂತ ಕೊನೆಗೆ ತಾಗಲಿ ಎಂದೇ ಗಿಡ್ಡ ಮಾಡಿದ್ದಾರೆ. ಮೂರು ಫ್ಯಾನಿನ ಭಾರದ ಕಾರ್ಡ್ ತಿಂಗಳುಗಟ್ಟಲೆ ಜೋತುಬಿದ್ದರೆ ಕೂದಲೆಳೆಯಷ್ಟು ಸಡಿಲವಾಗುತ್ತದೆ, ಕಾರ್ಡ್ ಒಂದು ದಿನ ಕಾಣಿಸಿ ಇನ್ನೊಂದು ದಿನ ಕಾಣಿಸದೆ ಹೋಗುತ್ತದೆ. ಕೆಳಗೊಂದು ಆನಿಕೆ ಕೊಟ್ಟರೆ ಸಾಕು.

ಕರಾವಳಿಯ ತೇವಕ್ಕೂ ಧೂಳಿಗೂ ಈ ಪಟ್ಟಿಗಳ ಮೇಲೆ ಕೊಳೆ ಕಟ್ಟುತ್ತದೆ. ನಮ್ಮ ರಿಪೇರಿ ಅಂಗಡಿಗಳಲ್ಲಿ ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ರೂಢಿ. ಕೆಲಸವೇನೋ ಆಗುತ್ತದೆ, ಆದರೆ ಲೇಪ ಬಲು ತೆಳು. ಪದೇ ಪದೇ ಉಜ್ಜಿದರೆ ಸವೆದುಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಒರೆಸುವುದೇ ಮೇಲು.

ಇನ್ನು ಕರೆಂಟು. ಸ್ಲಾಟಿನಿಂದ ಸಿಗುವುದು ಹೆಚ್ಚೆಂದರೆ 75 ವ್ಯಾಟ್. ಆರು ಪಿನ್ನಿನ ಕೇಬಲ್ ಇನ್ನೊಂದು 75, ಎಂಟು ಪಿನ್ನಿನದು 150 ವ್ಯಾಟ್ ಕೊಡುತ್ತದೆ. ಆ ಕೇಬಲ್ ಸಿಕ್ಕಿಸಲು ಮರೆತಾಗಲೂ ಕೆಲವು ಕಾರ್ಡುಗಳ ಫ್ಯಾನ್ ತಿರುಗುತ್ತದೆ, ನೋಡಿದವರು ಕಾರ್ಡೇ ಸತ್ತಿದೆ ಎಂದುಕೊಳ್ಳುತ್ತಾರೆ. ಬಿಡಿಸಿ ಜೋಡಿಸುವ ಕೇಬಲ್‌ಗಳ ಎಸ್‌ಎಂಪಿಎಸ್ (ಪವರ್ ಸಪ್ಲೈ) ಇದ್ದವರಿಗೆ ಒಂದು ಮಾತು: ಒಂದರ ಕೇಬಲನ್ನು ಇನ್ನೊಂದಕ್ಕೆ ಹಾಕಲೇಬೇಡಿ. ಪ್ಲಗ್ ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು. ಸ್ವಿಚ್ ಹಾಕಿದ ಕ್ಷಣಕ್ಕೆ ಕಾರ್ಡ್ ಸುಟ್ಟುಹೋದೀತು.

2022ರ ಅಕ್ಟೋಬರಿನಲ್ಲಿ ಬಂದ 450 ವ್ಯಾಟಿನ ಆರ್‌ಟಿಎಕ್ಸ್ 4090 ಕಾರ್ಡಿನಲ್ಲಿ ಕೆಲವರ ಪವರ್ ಕನೆಕ್ಟರ್ ಕರಗಿದ್ದು ದೊಡ್ಡ ಸುದ್ದಿಯಾಗಿತ್ತು. ಪ್ಲಗ್ ಪೂರ್ತಿ ಒಳಗೆ ಹೋಗದಿರುವುದು ಒಂದು ಕಾರಣವೆಂದು ಕಂಡುಬಂತು. ಆಮೇಲೆ ತಿದ್ದಿದ ವಿನ್ಯಾಸದಲ್ಲಿ ಸಂಕೇತದ ಪಿನ್ನುಗಳನ್ನು ಗಿಡ್ಡ ಮಾಡಿದರು. ಪ್ಲಗ್ ಸರಿಯಾಗಿ ಕೂರದೆ ಕಾರ್ಡ್ ಭಾರೀ ಕರೆಂಟು ಎಳೆಯಬಾರದೆಂಬುದು ಉದ್ದೇಶ.

ವಿಂಡೋಸ್ ತೆರೆಯುತ್ತದೆ, ಆದರೆ ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಹೆಸರಿನ ಬದಲು ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದೆ ಅಥವಾ ‘ಕೋಡ್ 43’ ಎಂಬ ಎಚ್ಚರಿಕೆ ಇದೆ ಎನ್ನಿ. ಕಾರ್ಡ್ ಮದರ್‌ಬೋರ್ಡಿಗೆ ಕಂಡಿದೆ ಎಂದೇ ಅರ್ಥ, ಸ್ಲಾಟ್ ಬಿಚ್ಚುವ ಆತುರ ಬೇಡ. ಹೆಚ್ಚಿನಂಶ ಡ್ರೈವರ್ ಕೆಟ್ಟಿರುತ್ತದೆ. ಸೇಫ್ ಮೋಡಿಗೆ ಹೋಗಿ ಡಿಡಿಯು ಎಂಬ ಉಚಿತ ತಂತ್ರಾಂಶದಿಂದ ಹಳೆಯ ಡ್ರೈವರನ್ನು ಬೇರುಸಹಿತ ತೆಗೆದು ಹೊಸದಾಗಿ ಹಾಕಿ. ಆಮೇಲೂ ಕೋಡ್ 43 ಬಂದರೆ ಕಾರ್ಡಿನ ಮೇಲೇ ಸಂಶಯಪಡಬಹುದು.

ಆಡುವಾಗ ಪರದೆ ಕಪ್ಪಾಗಿ, ಕ್ಷಣದಲ್ಲಿ ಮರಳುವುದೂ ಉಂಟು. ಗ್ರಾಫಿಕ್ಸ್ ಚಿಪ್ ಎರಡು ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ಮೊದಲ ಸ್ಥಿತಿಗೆ ತರುತ್ತದೆ. ವಿಸ್ತಾ ಕಾಲದಿಂದ ಇರುವ ಏರ್ಪಾಟಿದು. ಓವರ್‌ಕ್ಲಾಕ್ ಮಾಡಿದ್ದರೆ ಮೊದಲು ಅದನ್ನು ತೆಗೆಯಿರಿ. ಡ್ರೈವರ್ ಬದಲಿಸುವುದು ಆಮೇಲಿನ ಮಾತು.

ಆದರೆ ಪರದೆಯಲ್ಲ, ಇಡೀ ಕಂಪ್ಯೂಟರೇ ಫಕ್ಕನೆ ಆರಿದರೆ ಕಣ್ಣು ಹೋಗಬೇಕಾದ್ದು ಎಸ್‌ಎಂಪಿಎಸ್ ಕಡೆಗೆ, ನಮ್ಮಲ್ಲಾದರೆ ಯುಪಿಎಸ್ ಕಡೆಗೂ. ಮನೆಮನೆಯಲ್ಲಿರುವ 600 ವಿಎ ಯುಪಿಎಸ್ ತಾಳುವುದು ಸುಮಾರು 360 ವ್ಯಾಟನ್ನು ಮಾತ್ರ. ಬ್ರೌಸರ್ ನೋಡುವಾಗ ಅದು ಧಾರಾಳ. ಗೇಮ್ ಶುರುವಾದರೆ ಕಾರ್ಡ್ ಒಂದೇ 300 ವ್ಯಾಟ್ ಎಳೆದೀತು. ಸಾಲದ್ದಕ್ಕೆ, ಇಂದಿನ ಕಾರ್ಡುಗಳು ಕಣ್ಣೆವೆ ಮುಚ್ಚುವುದಕ್ಕೂ ಮೊದಲೇ ತಮ್ಮ ಸರಾಸರಿ ಬಳಕೆಯನ್ನು ಎಷ್ಟೋ ಮೀರಿ ಎಳೆದು ಮತ್ತೆ ಇಳಿಯುತ್ತವೆ. ಇದಕ್ಕೆಂದೇ 2022ರ ಎಟಿಎಕ್ಸ್ 3.0 ನಿಯಮ, ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡು ತಾಳಬೇಕು ಎಂದಿತು.

ಕರೆಂಟು ಸಾಲದೆ ಆರುತ್ತಿದೆಯೇ ಎಂಬುದನ್ನು ಕ್ಯಾಬಿನೆಟ್ ಬಿಚ್ಚದೆಯೇ ಪರೀಕ್ಷಿಸಬಹುದು. ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ತಂತ್ರಾಂಶದಲ್ಲಿ ಪವರ್ ಲಿಮಿಟನ್ನು ಶೇ. 70ಕ್ಕೆ ಇಳಿಸಿ ಅದೇ ಗೇಮ್ ಆಡಿ. ಆರುವುದು ನಿಂತರೆ ಎಸ್‌ಎಂಪಿಎಸ್, ಯುಪಿಎಸ್, ಕೇಬಲ್‌ಗಳನ್ನು ಮೊದಲು ನೋಡಿ. ಕಾರ್ಡಿನ ಸರದಿ ಆಮೇಲೆ. ಅರ್ಧ ಗಂಟೆಯ ನಂತರವೇ ಕೈಕೊಡುವುದಾದರೆ ಕಾರಣ ಬಿಸಿ ಇರಬಹುದು: ಫ್ಯಾನಿನ ಧೂಳು, ಒಣಗಿದ ಥರ್ಮಲ್ ಪೇಸ್ಟ್.

ಕಂಪ್ಯೂಟರ್ ಹೊತ್ತಿಸಿದಾಗಿನ ಬಯಾಸ್ ಪರದೆಯಲ್ಲೇ ಬಣ್ಣದ ಚುಕ್ಕಿ, ಚೌಕಗಳು ಕಂಡರೆ ಮಾತ್ರ ವಿಷಯ ಬೇರೆ. ಆ ಹೊತ್ತಿಗೆ ವಿಂಡೋಸಿನ ಡ್ರೈವರ್ ಕೆಲಸವನ್ನೇ ಶುರು ಮಾಡಿರುವುದಿಲ್ಲ. ಕೇಬಲ್, ಮಾನಿಟರ್ ಬದಲಿಸಿ ನೋಡಿ. ಇನ್ನೊಂದು ಕಂಪ್ಯೂಟರಿಗೆ ಹಾಕಿದಾಗಲೂ ಹಾಗೇ ಇದ್ದರೆ ಕೆಟ್ಟಿರುವುದು ಕಾರ್ಡಿನ ಮೆಮೊರಿಯೋ ಚಿಪ್ಪೋ. ಅಂಥ ಕಾರ್ಡನ್ನು ಓವನ್ನಿನಲ್ಲಿಟ್ಟು ಬಿಸಿ ಮಾಡಿ ಬದುಕಿಸುವ ವಿಡಿಯೊಗಳು ಹೇರಳ. ಕಾವಿಗೆ ಹಿಗ್ಗಿದ ಸಂಪರ್ಕಗಳು ಮತ್ತೆ ತಾಗಿ ಕೆಲವು ದಿನ ನಡೆಯಬಹುದು. ಬಿರುಕು ಹಾಗೇ ಇರುತ್ತದೆ, ಅಡುಗೆಯ ಓವನ್ನಿಗೆ ವಿಷದ ಹೊಗೆಯೂ ಸೇರುತ್ತದೆ. ವಾರಂಟಿ ಇದ್ದರೆ ಸ್ಕ್ರೂ ಬಿಚ್ಚದೆ, ಬಿಲ್ಲಿನ ಜೊತೆ ಸರ್ವಿಸ್ ಸೆಂಟರಿಗೆ ಕೊಡಿ. ಯಾವ ಪರೀಕ್ಷೆಗೆ ಏನಾಯಿತೆಂದು ಬರೆದ ಚೀಟಿಯನ್ನೂ ಜೊತೆಗಿಡಿ.