ಗುಂಡಿಯ ಆಟಿಕೆಯೂ ಬೀಗ ಹಾಕಿದ ಲೇಖನವೂ

ಅಂಗಿಯ ದೊಡ್ಡ ಗುಂಡಿಯೊಂದರ ಎರಡು ತೂತುಗಳಲ್ಲಿ ದಾರವನ್ನು ಪೋಣಿಸಿ, ತುದಿಗಳಿಗೆ ಗಂಟು ಹಾಕಿ, ಎರಡೂ ಕೈಗಳ ಬೆರಳಿಗೆ ಸಿಕ್ಕಿಸಿಕೊಂಡು ಆಡುವ ಆಟವನ್ನು ಅರಿಯದವರು ವಿರಳ. ಗುಂಡಿ ಸಿಗದಿದ್ದರೆ ಸೋಡಾ ಬಾಟಲಿಯ ಮುಚ್ಚಳವನ್ನು ಬಡಿದು ಚಪ್ಪಟೆ ಮಾಡಿಕೊಂಡರೂ ಸಾಕು. ದಾರವನ್ನು ಹುರಿಗೊಳಿಸಿ ಎಳೆದೊಡನೆ ಗುಂಡಿಯು ಭರ್ರೆಂದು ಸದ್ದುಮಾಡುತ್ತ ತಿರುಗತೊಡಗುತ್ತದೆ. ಇದು ಬಹು ಪುರಾತನವಾದ ಆಟಿಕೆ. ಸುಮಾರು 5,000 ವರ್ಷಗಳಷ್ಟು ಹಳೆಯದೆಂದು ಹೇಳುತ್ತಾರೆ.

ಇದರೊಳಗಿನ ಭೌತವಿಜ್ಞಾನವೇನು? ಹುರಿಗೊಂಡ ದಾರವನ್ನು ಎಳೆದಾಗ ಹುರಿ ಬಿಚ್ಚಿಕೊಳ್ಳುತ್ತ ಗುಂಡಿಯನ್ನು ತಿರುಗಿಸುತ್ತದೆ. ಹುರಿ ಪೂರ್ತಿಯಾಗಿ ಬಿಚ್ಚಿದ ಗಳಿಗೆಯಲ್ಲಿ ಗುಂಡಿ ಅತ್ಯಂತ ವೇಗದಲ್ಲಿರುತ್ತದೆ. ಜಡತ್ವದ ಕಾರಣ ಅದು ಅಲ್ಲಿಯೇ ನಿಲ್ಲಲಾರದು. ಮುಂದಕ್ಕೆ ತಿರುಗುತ್ತ ದಾರವನ್ನು ವಿರುದ್ಧ ದಿಕ್ಕಿನಲ್ಲಿ ಹುರಿಗೊಳಿಸುತ್ತದೆ. ದಾರ ಮೋಟಾಗಿ ನಮ್ಮ ಕೈಗಳನ್ನು ಒಳಕ್ಕೆ ಸೆಳೆಯುತ್ತದೆ. ಆಗ ಕೈ ಸಡಿಲಿಸಿ, ಮತ್ತೆ ಎಳೆಯಬೇಕು. ಜೋಕಾಲಿಯನ್ನು ತಕ್ಕ ಸಮಯಕ್ಕೆ ತಳ್ಳಿದಂತೆಯೇ ಇಲ್ಲಿಯೂ ಎಳೆತದ ಸಮಯವೇ ಮುಖ್ಯ. ನಮ್ಮ ಸ್ನಾಯುಗಳ ಶಕ್ತಿಯು ಹೀಗೆ ಭ್ರಮಣ ಶಕ್ತಿಯಾಗಿ, ಕೊನೆಗೆ ಗಾಳಿಯ ತಡೆ ಮತ್ತು ದಾರದ ಘರ್ಷಣೆಗಳಲ್ಲಿ ವ್ಯಯವಾಗುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಗುಂಡಿಯು ಸೆಕೆಂಡಿಗೆ 50 ಸುತ್ತು ತಿರುಗುತ್ತಿದೆಯೆಂದೂ ಅದರ ತ್ರಿಜ್ಯ 1 ಸೆಂಟಿಮೀಟರ್ ಎಂದೂ ಭಾವಿಸೋಣ. ಕೋನವೇಗವು ಸೆಕೆಂಡಿಗೆ ಸುಮಾರು 314 ರೇಡಿಯನ್. ಇದರ ವರ್ಗವನ್ನು ತ್ರಿಜ್ಯದಿಂದ ಗುಣಿಸಿದರೆ ಗುಂಡಿಯ ಅಂಚಿನ ವೇಗೋತ್ಕರ್ಷ ದೊರೆಯುತ್ತದೆ. ಅದು ಭೂಮಿಯ ಗುರುತ್ವ ವೇಗೋತ್ಕರ್ಷದ ಸುಮಾರು 100 ಮಡಿ! ವೇಗವನ್ನು ಇಮ್ಮಡಿಗೊಳಿಸಿದರೆ ಇದು ನಾಲ್ಕು ಮಡಿಯಾಗುವುದು.

ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ರಕ್ತದ ಕಣಗಳನ್ನೂ ದ್ರವಭಾಗವನ್ನೂ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರ ಮಾಡುವ ಕೆಲಸವೂ ಇದೇ. ಆದರೆ ಆ ಯಂತ್ರಕ್ಕೆ ವಿದ್ಯುತ್ತು ಬೇಕು, ಹಣ ಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿರುವ ಭಾರತೀಯ ಮೂಲದ ವಿಜ್ಞಾನಿ ಮನು ಪ್ರಕಾಶರು 2013ರಲ್ಲಿ ಉಗಾಂಡಕ್ಕೆ ಹೋಗಿದ್ದಾಗ, ಇಂತಹ ಯಂತ್ರವೊಂದು ವಿದ್ಯುತ್ತಿಲ್ಲದ ಕಾರಣ ಬಾಗಿಲಿಗೆ ಅಡ್ಡ ಇಡುವ ವಸ್ತುವಾಗಿದ್ದುದನ್ನು ಕಂಡರು. ಅವರೂ ಸಾದ್ ಭಾಮ್ಲಾ ಮೊದಲಾದ ಸಹೋದ್ಯೋಗಿಗಳೂ ಕೂಡಿ ಗುಂಡಿಯ ಆಟಿಕೆಯನ್ನೇ ಮಾದರಿಯಾಗಿಟ್ಟುಕೊಂಡು ಕಾಗದದ ಬಿಲ್ಲೆಯ ಸೆಂಟ್ರಿಫ್ಯೂಜನ್ನು ನಿರ್ಮಿಸಿದರು. 'ಪೇಪರ್‌ಫ್ಯೂಜ್' ಎಂಬ ಇದರ ಬೆಲೆ 20 ಅಮೆರಿಕನ್ ಸೆಂಟ್. ತೂಕ ಸುಮಾರು 2 ಗ್ರಾಂ. ನಿಮಿಷಕ್ಕೆ 1,25,000 ಸುತ್ತುಗಳ ವೇಗವನ್ನೂ ಗುರುತ್ವದ 30,000 ಮಡಿ ಬಲವನ್ನೂ ಅವರು ವರದಿ ಮಾಡಿದರು. ಒಂದೂವರೆ ನಿಮಿಷದೊಳಗೆ ರಕ್ತದಿಂದ ಪ್ಲಾಸ್ಮಾ ಬೇರ್ಪಡುತ್ತದೆ. (ವಿದ್ಯಾರ್ಥಿಗಳು ಗುಂಡಿಯೊಡನೆ ಆಡಲಿ, ರಕ್ತದೊಡನೆ ಪ್ರಯೋಗ ಸಲ್ಲದು.)

ಈ ವೃತ್ತಾಂತವನ್ನು ಕೇಳಿದ ಸೈದಾಪುರದ ವಿದ್ಯಾರ್ಥಿಯೊಬ್ಬನಿಗೆ ಮೂಲ ಲೇಖನವನ್ನೇ ಓದಬೇಕೆಂಬ ಆಸೆ ಹುಟ್ಟಿತೆನ್ನಿ. ಅದು 2017ರ ಜನವರಿಯಲ್ಲಿ 'ನೇಚರ್ ಬಯೋಮೆಡಿಕಲ್ ಎಂಜಿನಿಯರಿಂಗ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಚಂದಾ ಕೊಟ್ಟವರು ಓದುವ ಪತ್ರಿಕೆ ಅದು. ಅಂತರ್ಜಾಲದಲ್ಲಿ ಲೇಖನದ ಹೆಸರು ಕಾಣುತ್ತದೆ, ಸಾರಾಂಶವೂ ಕಾಣುತ್ತದೆ. ಮುಂದಕ್ಕೆ ಹೋದರೆ ಹಣ ಕೇಳುತ್ತದೆ. ಇಂತಹ ಪತ್ರಿಕೆಗಳಲ್ಲಿ ಒಂದೇ ಲೇಖನಕ್ಕೆ ಎರಡು ಮೂರು ಸಾವಿರ ರೂಪಾಯಿ ತೆರಬೇಕಾಗುವುದು ಸಾಮಾನ್ಯ. 20 ಸೆಂಟಿನ ಆಟಿಕೆಯ ವಿವರಣೆಗೆ ಆಟಿಕೆಯ ನೂರಾರು ಪಟ್ಟು ಬೆಲೆ!

ಈ ಬೀಗ ಏಕೆ ಬಂದಿತು? 1665ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಓಲ್ಡನ್‌ಬರ್ಗ್ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಪತ್ರಿಕೆಯನ್ನು ಆರಂಭಿಸಿದಾಗ ಜ್ಞಾನವನ್ನು ಹಂಚುವುದೇ ಉದ್ದೇಶವಾಗಿತ್ತು. ಕಾಗದ, ಅಚ್ಚು, ಅಂಚೆಗಳಿಗೆ ಖರ್ಚಿದ್ದುದರಿಂದ ಪತ್ರಿಕೆಗೆ ಬೆಲೆಯೂ ಇದ್ದಿತು. ಇಂದು ಸಂಪಾದನೆಗೂ ಸಂಗ್ರಹಕ್ಕೂ ಖರ್ಚುಂಟೆಂದು ಪ್ರಕಾಶಕರು ಹೇಳುತ್ತಾರೆ; ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಲೇಖನ ಬರೆದವರಿಗೂ ಅದನ್ನು ಪರಿಶೀಲಿಸಿದ ವಿದ್ವಾಂಸರಿಗೂ ಸಾಮಾನ್ಯವಾಗಿ ಸಂಭಾವನೆಯಿಲ್ಲ. ಅನೇಕ ಸಂಶೋಧನೆಗಳು ನಡೆಯುವುದು ಪ್ರಜೆಗಳ ತೆರಿಗೆಯ ಹಣದಿಂದ. ಹಣ ಕೊಟ್ಟವನೇ ಬಾಗಿಲ ಹೊರಗೆ ನಿಲ್ಲುವುದು ನ್ಯಾಯವೇ ಎಂಬ ಪ್ರಶ್ನೆ ಆದುದರಿಂದ ಎದ್ದಿದೆ.

ಬಾಗಿಲುಗಳು ಹಲವಿವೆ, ಎಲ್ಲಕ್ಕೂ ಬೀಗವಿಲ್ಲ. ಪತ್ರಿಕೆಗೆ ಕಳುಹಿಸುವ ಮುನ್ನ ಲೇಖನದ ಕರಡನ್ನು ಎಲ್ಲರಿಗೂ ತೆರೆದಿಡುವ ಪದ್ಧತಿಯೊಂದುಂಟು. ಭೌತವಿಜ್ಞಾನಿಗಳಿಗಾಗಿ ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ 'ಆರ್ಕೈವ್' ಭಂಡಾರವನ್ನು ಸ್ಥಾಪಿಸಿದರು. ಜೀವವಿಜ್ಞಾನಕ್ಕೆ 2013ರಲ್ಲಿ 'ಬಯೋಆರ್ಕೈವ್' ಬಂದಿತು. ಪೇಪರ್‌ಫ್ಯೂಜ್ ಲೇಖನದ ಕರಡು 2016ರಲ್ಲೇ ಬಯೋಆರ್ಕೈವ್ ಸೇರಿದೆ. ನಮ್ಮ ವಿದ್ಯಾರ್ಥಿ ಅದನ್ನು ಒಂದು ಕಾಸೂ ಕೊಡದೆ ಓದಬಹುದು. ಕರಡು ಅಚ್ಚಿನ ಪ್ರತಿಗಿಂತ ಕೆಲವೆಡೆ ಭಿನ್ನವಾಗಿರಬಹುದೆಂಬುದನ್ನು ಮಾತ್ರ ನೆನಪಿಡಬೇಕು.

ಎರಡನೆಯದು, ಲೇಖಕರಿಗೆ ವಿನಯದಿಂದ ಪತ್ರ ಬರೆದು ಪ್ರತಿ ಕೇಳುವುದು. ಇದು ಅಂಚೆಯ ಕಾಲದಿಂದ ನಡೆದು ಬಂದ ವಾಡಿಕೆ. ತಮ್ಮ ಕೆಲಸವನ್ನು ಓದಬಯಸುವವರನ್ನು ಕಂಡು ಹಿಗ್ಗುವ ವಿಜ್ಞಾನಿಗಳು ಅನೇಕರು. ಮೂರನೆಯದು, ನಮ್ಮ ನಾಡಿನ ಪತ್ರಿಕೆಗಳು. ಸರ್ ಸಿ. ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ವಿದ್ಯಾರ್ಥಿಗಳಿಗಾಗಿಯೇ 1996ರಿಂದ 'ರೆಸೊನೆನ್ಸ್' ಮಾಸಪತ್ರಿಕೆಯನ್ನು ಹೊರತರುತ್ತಿದೆ. ಅದರ ಲೇಖನಗಳನ್ನು ಅಕಾಡೆಮಿಯ ಜಾಲತಾಣದಲ್ಲಿ ಉಚಿತವಾಗಿ ಓದಬಹುದು.

ಸರ್ಕಾರವೂ ಒಂದು ಹೆಜ್ಜೆಯಿಟ್ಟಿದೆ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟವು 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಒಪ್ಪಿಗೆ ನೀಡಿತು. 2025ರಿಂದ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. 6,300ಕ್ಕೂ ಹೆಚ್ಚು ಸರ್ಕಾರಿ ವಿದ್ಯಾಸಂಸ್ಥೆಗಳು. ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಗ್ರಂಥಪಾಲಕರನ್ನು ಈ ಬಗ್ಗೆ ಇಂದೇ ವಿಚಾರಿಸಲಿ. ಆದರೆ ಪ್ರೌಢಶಾಲೆಯ ಬಾಲಕನಿಗೂ ಆಟಿಕೆಗಳನ್ನು ಪ್ರೀತಿಸುವ ಸಾಮಾನ್ಯ ಗೃಹಸ್ಥನಿಗೂ ಈ ಯೋಜನೆಯಲ್ಲಿ ಸ್ಥಾನವಿಲ್ಲ. ಅವರಿಗೆ ಮೇಲೆ ಹೇಳಿದ ಬಾಗಿಲುಗಳೇ ಗತಿ.

ಗುಂಡಿಯ ಆಟಿಕೆಯನ್ನು ಕಂಡುಹಿಡಿದವರು ಯಾರೋ ನಾವು ಅರಿಯೆವು. ಒಬ್ಬರನ್ನು ನೋಡಿ ಒಬ್ಬರು ಕಲಿತುದರಿಂದಲೇ ಅದು ಇಷ್ಟು ಶತಮಾನ ಬದುಕಿತು, ಪ್ರಯೋಗಶಾಲೆಯನ್ನೂ ತಲುಪಿತು. ಅಲ್ಲಿ ದೊರೆತ ಜ್ಞಾನವು ಆ ಆಟಿಕೆಯನ್ನು ಆಡುವ ಮಕ್ಕಳಿಗೆ ಹಿಂದಿರುಗಬೇಕೆಂದು ಬಯಸುವುದು ಅತಿಯಾಸೆಯಲ್ಲ.