ತಿಪ್ಪೆಯ ರಸವೂ ಬಾವಿಯ ನೀರೂ

ಪ್ರಶ್ನೆ: ಬಾವಿಯ ಬಳಿ ತಿಪ್ಪೆಯಿದ್ದರೆ, ನಡುವಣ ಮಣ್ಣು ರೋಗಾಣುಗಳನ್ನು ಸೋಸಿಬಿಡುವುದಿಲ್ಲವೆ?

ಉತ್ತರ: ಸೋಸುವುದುಂಟು, ಆದರೆ ಆ ಶಕ್ತಿಯನ್ನು ಕುಂದಿಸುವ ವಸ್ತುವೂ ತಿಪ್ಪೆಯಿಂದಲೇ ಒಸರುತ್ತದೆ. ಸುಮಾರು 1 ಮೈಕ್ರೋಮೀಟರ್ ಗಾತ್ರದ ಬ್ಯಾಕ್ಟೀರಿಯಗಳ ಮೈಮೇಲೆ ಸಾಮಾನ್ಯವಾಗಿ ಋಣ ವಿದ್ಯುದಂಶವಿರುವುದರಿಂದ, ನಮ್ಮ ಜಂಬಿಟ್ಟಿಗೆ ನೆಲದ ಕೆಂಪಿಗೆ ಕಾರಣವಾದ, ಆಮ್ಲೀಯ ಮಣ್ಣಿನಲ್ಲಿ ಧನ ವಿದ್ಯುದಂಶವನ್ನು ತಳೆಯುವ ಕಬ್ಬಿಣದ ಆಕ್ಸೈಡುಗಳು ಅವುಗಳನ್ನು ಸೆಳೆದು ಹಿಡಿದಿಡುತ್ತವೆ. ತಿಪ್ಪೆಯ ಕಂದುರಸದಲ್ಲಿ ಕರಗಿದ ಸಾವಯವ ಆಮ್ಲಗಳಾದರೋ, ತಾವೂ ಋಣ ವಿದ್ಯುದಂಶವುಳ್ಳವಾದುದರಿಂದ, ಆ ಕಣಗಳನ್ನು ಮೊದಲೇ ಆವರಿಸಿ, ಹಿಂದೆ ಬರುವ ಜೀವಾಣುಗಳಿಗೆ ನೆಲೆಯಿಲ್ಲದಂತೆ ಮಾಡಿ, ಅವುಗಳನ್ನು ಇನ್ನಷ್ಟು ದೂರ ಸಾಗಗೊಡುತ್ತವೆ. ಜೇಡಿಯ ಸೂಕ್ಷ್ಮಕಣಗಳ ಗತಿಯೂ ಬಹುಮಟ್ಟಿಗೆ ಇದೇ. ಕರಗದೆ ಮಣ್ಣಿನೊಡನೆ ಬೆರೆತು ನಿಂತ ಹ್ಯೂಮಸ್ಸಿನ ಮಾತು ಬೇರೆ: ಅದು ಕಣಗಳನ್ನು ಬೆಸೆದು, ಜೇಡಿ ಕದಡದಂತೆ ಕಾಯುತ್ತದೆ. ಎರೆಹುಳುವಿನ ಬಿಲಗಳಲ್ಲಂತೂ ನೀರು ಸೋಸದೆಯೇ ಇಳಿಯುವುದು. ತಿಪ್ಪೆಯನ್ನು ಬಾವಿಯಿಂದ ದೂರಕ್ಕೆ, ಇಳಿಜಾರಿನ ಕೆಳಬದಿಗೆ ಸಾಗಿಸಿರೆಂದು ಬೇಡುತ್ತೇನೆ.